ಕಡಲ ದಂಡೆಯ ಕೋಟೆಯೂರು



ನಾನು ನೋಡಿ ಬಂದ ಒಂದು ಊರಿನ ಬಗ್ಗೆ ಎರಡು ಮಾತು ಹೇಳುತ್ತೇನೆ. ಅದು ಯುರೋಪಿನ ಕ್ರೊಯೇಷಿಯಾ ದೇಶದ ಡುಬ್ರೊವ್ನಿಕ್.

ಹಳೆಯ ಊರಿನ ಸುತ್ತ ಸುಮಾರು 2 ಕಿಲೋಮೀಟರ್ ಉದ್ದದ ಕೋಟೆಗೋಡೆ. ಅದರ ಮೇಲೆಯೇ ನಡೆದು ಒಂದು ಸುತ್ತು ಬರಬಹುದು. ಒಂದು ಕಡೆ ನೀಲಿ ಕಡಲು, ಇನ್ನೊಂದು ಕಡೆ ಕೆಂಪು ಹೆಂಚಿನ ಮಾಡುಗಳು.

ಮುಖ್ಯ ಬಾಗಿಲು ದಾಟಿದರೆ ಒಂದು ದೊಡ್ಡ ಕಾರಂಜಿ. 15ನೆಯ ಶತಮಾನದಲ್ಲಿ ಸುಮಾರು 12 ಕಿಲೋಮೀಟರ್ ದೂರದಿಂದ ಕಾಲುವೆ ಕಟ್ಟಿ ಊರಿಗೆ ನೀರು ತಂದರು. ಇಂದಿಗೂ ಜನ ಅಲ್ಲಿ ಬಾಟಲಿ ತುಂಬಿಕೊಳ್ಳುತ್ತಾರೆ. ಹತ್ತಿರದ ಕ್ರೈಸ್ತ ಮಠದಲ್ಲಿ 1317ರಲ್ಲಿ ಶುರುವಾದ ಔಷಧಾಲಯ ಇನ್ನೂ ನಡೆಯುತ್ತಿದೆ. ಪ್ಲೇಗ್ ಇರುವ ಕಡೆಯಿಂದ ಬಂದವರು 30 ದಿನ ಹೊರಗೇ ಇರಬೇಕೆಂದು ಈ ಊರು 1377ರಲ್ಲಿ ಕಾನೂನು ಮಾಡಿತು. ಕೊರೊನಾ ಕಾಲದಲ್ಲಿ ನಾವೆಲ್ಲ ಕೇಳಿದ ಕ್ವಾರಂಟೈನಿನ ಮೊದಲ ಕಾನೂನುಗಳಲ್ಲಿ ಅದೂ ಒಂದು.

1991ರ ಯುದ್ಧದಲ್ಲಿ ಶೆಲ್ ಬಿದ್ದು ಬಹಳಷ್ಟು ಮಾಡುಗಳು ಒಡೆದವು. ಜನ ಮತ್ತೆ ಹೊದಿಸಿದರು. ಹೊಸ ಹೆಂಚಿನ ಕೆಂಪು ಗೋಡೆಯ ಮೇಲಿಂದ ಬೇರೆಯಾಗಿಯೇ ಕಾಣುತ್ತದೆ.

ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ನೋಡಿಕೊಂಡರೆ ಅದು ಬಾಳುತ್ತದೆ. ನಮ್ಮ ಶಾಲೆಗೆ 50 ತುಂಬಿದೆ. ಮಕ್ಕಳ ಸಂಖ್ಯೆ ಇಳಿಯುತ್ತಿದೆ ಎಂದು ಮುಖ್ಯೋಪಾಧ್ಯಾಯರು ಈಗಷ್ಟೇ ಹೇಳಿದರು. ಸೋರುವ ಕೋಣೆಗಳ ಮಾಡು ಹೊದಿಸಲು ಹಳೆಯ ವಿದ್ಯಾರ್ಥಿಗಳಾದ ನಾವು ಕೈಜೋಡಿಸೋಣ. ಊರಿನವರು ಮಕ್ಕಳನ್ನು ಇಲ್ಲಿಗೇ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.