ಬಂಗಲೆಗಿಂತ ಮೊದಲು ಗಾಳಿ

ಕೇಳುಗರೇ, ಹೋದ ವರ್ಷ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ತಂದೆಯ ಅರವತ್ತರ ಶಾಂತಿ ಮುಗಿದಿತ್ತು. ತಂದೆತಾಯಿಯರನ್ನು ಒಂದು ವಾರ ಶ್ರೀಲಂಕೆಯ ಕಡಲತೀರದಲ್ಲಿ ಸುಖವಾಗಿ ಇರಿಸಬೇಕೆಂಬುದು ಅವನ ಆಸೆ. "ಬೆಂತೋಟದಲ್ಲಿ ಈಜುಕೊಳವಿರುವ ಬಂಗಲೆ, ಅಡಿಗೆಗೂ ಜನ ಇದ್ದಾರೆ. ಜೂನ್ ತಿಂಗಳಿಗೆ ಬಾಡಿಗೆ ಅರ್ಧ, ಮೇಷ್ಟ್ರೇ!" ಎಂದ.

ಅರ್ಧವೇಕೆ ಎಂದೆ. ಅದನ್ನು ಅವನು ಯೋಚಿಸಿರಲಿಲ್ಲ.

ನಮ್ಮ ಕರಾವಳಿಯನ್ನು ತೋಯಿಸುವ ಮುಂಗಾರೇ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಆ ದ್ವೀಪದ ನೈರುತ್ಯ ತೀರಕ್ಕೂ ಬಡಿಯುತ್ತದೆ. ಆಗ ಅಲ್ಲಿನ ಕಡಲು ನೋಡುವುದಕ್ಕುಂಟು, ಇಳಿಯುವುದಕ್ಕಿಲ್ಲ. ಅದೇ ವೇಳೆಗೆ ನಡುನಾಡಿನ ಬೆಟ್ಟಗಳ ಮರೆಯಲ್ಲಿರುವ ಪೂರ್ವತೀರದ ಟ್ರಿಂಕೋಮಲಿಯಲ್ಲಿ ಬಿಸಿಲು, ಶಾಂತ ಸಮುದ್ರ. ಈಶಾನ್ಯದ ಗಾಳಿ ತಿರುಗಿತೆಂದರೆ ಪಾಳಿ ಅದಲುಬದಲು. ಬೆಂತೋಟಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ.

ಇನ್ನು ಮನೆ. ಅದೇ ಬೆಂತೋಟದ ಸಮೀಪ ಜೆಫ್ರಿ ಬಾವಾ 1948ರಲ್ಲಿ ಹಳೆಯ ರಬ್ಬರು ತೋಟವೊಂದನ್ನು ಕೊಂಡು ಲುನುಗಂಗವೆಂಬ ತೋಟದ ಮನೆಯನ್ನು ರೂಪಿಸಿದರು. ಅಲ್ಲಿನ ವೈಭವವೆಂದರೆ ನೆರಳು, ಗಾಳಿ, ನೀರಿನ ನೋಟ. ಬಂಗಲೆ ಆರಿಸುವವರು ಆ ಮೂರನ್ನು ನೋಡಬೇಕು. ವೃದ್ಧರಿದ್ದರೆ ಮೆಟ್ಟಿಲನ್ನೂ ಎಣಿಸಬೇಕು.

ಮತ್ತೊಂದು ಮಾತು. 2004ರ ಡಿಸೆಂಬರ್ 26ರ ಸುನಾಮಿ ಆ ದ್ವೀಪದಲ್ಲಿ 30,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಹೋಗಿ ಇಳಿದ ದಿನವೇ ಎತ್ತರದ ನೆಲಕ್ಕೆ ದಾರಿ ಯಾವುದೆಂದು ಕೇಳಿಟ್ಟುಕೊಳ್ಳಿ. ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿದರೆ ನೋಡುತ್ತ ನಿಲ್ಲಬೇಡಿ.

ಶಿಷ್ಯ ಫೆಬ್ರವರಿಯಲ್ಲಿ ಹೋಗಿಬಂದ. ಬಾಡಿಗೆ ಪೂರ್ತಿ ತೆತ್ತನಂತೆ. ತಾಯಿ ಮೊದಲ ಸಲ ಕಡಲಿಗೆ ಕಾಲಿಟ್ಟರಂತೆ.