ಬಿಳಿ ಎತ್ತು, ಕಪ್ಪು ಎಮ್ಮೆ

ಕೈಯಲ್ಲಿ ಕ್ಯಾಮರಾ ಹಿಡಿದವನನ್ನು ಜನ ಮೊದಲು ಕೇಳುವ ಪ್ರಶ್ನೆ, ‘ಎಲ್ಲೆಲ್ಲಿ ಹೋಗಿ ಬಂದಿರಿ?’ ಎಂಬುದು. ಹಂಪೆಗೆ, ಜೋಗಕ್ಕೆ, ಗೋಕರ್ಣದ ಕಡಲಿಗೆ ಹೋಗದವನಿಗೆ ಕ್ಯಾಮರಾ ಏತಕ್ಕೆ ಎಂಬ ಇಂಗಿತವೂ ಅದರಲ್ಲಿ ಅಡಗಿರುತ್ತದೆ. ಮಾಸ್ತರಿಕೆಯಿಂದ ನಿವೃತ್ತನಾಗಿ ತಂಬೂರಕ್ಕೆ ಮರಳಿದ ನನಗೆ, ಅಳಿಯಂದಿರು ತಾವು ಬಳಸಿ ಬಿಟ್ಟಿದ್ದ ಡಿಜಿಟಲ್ ಕ್ಯಾಮರಾ ಒಂದನ್ನು ಕೊಟ್ಟು ವರ್ಷ ಒಂದಾಯಿತು. ಈ ವರ್ಷದಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ನಾನು ಊರಿನ ಸೀಮೆ ದಾಟಿದ್ದು ಎರಡೋ ಮೂರೋ ಸಲ ಮಾತ್ರ. ಆದರೂ ಕಲಿಕೆಗೆ ಕೊರತೆಯಾಗಿಲ್ಲ. ಛಾಯಾಗ್ರಹಣದ ಕೈಪಿಡಿಗಳು ಯಾವ ಅಭ್ಯಾಸಗಳನ್ನು ಹೇಳುತ್ತವೆಯೋ ಅವೆಲ್ಲಕ್ಕೂ ಬೇಕಾದ ಸಾಮಗ್ರಿ ನಮ್ಮ ಹಿತ್ತಲಲ್ಲಿ, ಕೊಟ್ಟಿಗೆಯಲ್ಲಿ, ಓಣಿಯ ಕಟ್ಟೆಯ ಮೇಲೆ ಇದ್ದೇ ಇದೆ.

ತಂಬೂರ ಕಲಘಟಗಿ ತಾಲೂಕಿನ ಒಂದು ಹಳ್ಳಿ. ಬಸವಣ್ಣನ ಗುಡಿ, ಕೆರೆ, ಭತ್ತದ ಗದ್ದೆ, ಅದರಾಚೆ ಕಾಡಿನ ಅಂಚು. ಧಾರವಾಡ ಜಿಲ್ಲೆಯ ಪೂರ್ವಕ್ಕೆ ನವಲಗುಂದದ ಎರೆಭೂಮಿ ಬಯಲು ಬಯಲಾಗಿ ಹರಡಿದ್ದರೆ, ಪಶ್ಚಿಮದ ನಮ್ಮದು ಅರೆಮಲೆನಾಡು. ಒಂದೇ ಜಿಲ್ಲೆಯಲ್ಲಿ ಎರಡು ಬಗೆಯ ಬೆಳಕು ಉಂಟೆಂದು ನನಗೆ ತಿಳಿಸಿಕೊಟ್ಟದ್ದು ಭೂಗೋಲದ ಪುಸ್ತಕವಲ್ಲ, ಕ್ಯಾಮರಾ.

ಮೊದಲ ಪಾಠ ಕೊಟ್ಟಿಗೆಯಲ್ಲಿ ಆಯಿತು. ಕ್ಯಾಮರಾದೊಳಗೆ ಬೆಳಕನ್ನು ಅಳೆಯುವ ಒಂದು ಸಾಧನವಿದೆ. ಅದೊಂದು ವಿಚಿತ್ರ ಸ್ವಭಾವದ ಪ್ರಾಣಿ. ಲೋಕದಲ್ಲಿರುವುದೆಲ್ಲ ಸರಾಸರಿಯಲ್ಲಿ ನಡುಬೂದಿ ಬಣ್ಣದ್ದು, ಎಂದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಮರಳಿಸುವಂಥದು ಎಂಬುದು ಬಹುಕಾಲದ ಒಂದು ಲೆಕ್ಕ. ಆ ನಂಬಿಕೆಯ ಮೇಲೆಯೇ ಅದು ನಡೆಯುತ್ತದೆ. ಬಿಳಿ ಎತ್ತನ್ನು ಚೌಕಟ್ಟಿನ ತುಂಬ ನಿಲ್ಲಿಸಿದರೆ, ‘ಬೆಳಕು ಅತಿಯಾಯಿತು’ ಎಂದು ತಿಳಿದು ತಗ್ಗಿಸುತ್ತದೆ. ಎತ್ತು ಬೂದಿ ಬಳಿದುಕೊಂಡಂತೆ ಕಾಣುತ್ತದೆ. ಕಪ್ಪು ಎಮ್ಮೆಯನ್ನು ನಿಲ್ಲಿಸಿದರೆ, ‘ಬೆಳಕು ಸಾಲದು’ ಎಂದು ಹೆಚ್ಚಿಸುತ್ತದೆ. ಎಮ್ಮೆಗೂ ಅದೇ ಬೂದಿಬಣ್ಣ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ಹುಟ್ಟಾ ಬೇರೆಯಾದ ಈ ಎರಡು ಜೀವಗಳು ಒಂದೇ ತಾಯಿಯ ಮಕ್ಕಳಂತೆ ಕಂಡವು! ಇದಕ್ಕೆ ಕ್ಯಾಮರಾದಲ್ಲೇ ಮದ್ದು ಇದೆ. ಕೂಡು-ಕಳೆ ಗುರುತಿನ ಒಂದು ಗುಂಡಿ. ಎತ್ತಿಗೆ ಒಂದು ಹೆಜ್ಜೆ ಕೂಡಿಸಬೇಕು, ಎಮ್ಮೆಗೆ ಒಂದು ಹೆಜ್ಜೆ ಕಳೆಯಬೇಕು. ಕೇಳಲು ತಿರುವುಮುರುವಾಗಿದೆ, ಬೆಳ್ಳಗಿರುವುದಕ್ಕೆ ಇನ್ನಷ್ಟು ಬೆಳಕನ್ನೇಕೆ ಕೊಡಬೇಕು ಎನಿಸುತ್ತದೆ. ಮಾಡಿ ನೋಡಿದರೆ ಮಾತ್ರ ಮನಸ್ಸು ಒಪ್ಪುತ್ತದೆ.

ಹಳೆಯ ಛಾಯಾಗ್ರಾಹಕರು ಅಳತೆಯ ಸಾಧನವಿಲ್ಲದೆ ಕೆಲಸ ಮಾಡುತ್ತಿದ್ದ ಒಂದು ಸೂತ್ರವೂ ಉಂಟು. ಚೊಕ್ಕ ಬಿಸಿಲಿನಲ್ಲಿ ಅಪರ್ಚರನ್ನು 16ಕ್ಕೆ ಇಡಬೇಕು. ಫಿಲ್ಮಿನ ವೇಗ 100 ಆಗಿದ್ದರೆ ಶಟರನ್ನು ಸೆಕೆಂಡಿನ ಸುಮಾರು 100ನೆಯ ಒಂದು ಭಾಗ ತೆರೆಯಬೇಕು. ಬೀಗರ ಊರಾದ ನವಲಗುಂದದ ಕಡೆ ಹೋಗಿದ್ದಾಗ, ಜೋಳದ ಹೊಲದ ಬದುವಿನಲ್ಲಿ ನಿಂತು ಈ ಸೂತ್ರವನ್ನು ಪರೀಕ್ಷಿಸಿದೆ, ಅಕ್ಷರಶಃ ನಿಜವಾಯಿತು. ಅಲ್ಲಿ ಆಕಾಶಕ್ಕೂ ನೆಲಕ್ಕೂ ನಡುವೆ ಅಡ್ಡಿಯಿಲ್ಲ. ಶ್ರಾವಣದ ತಂಬೂರದಲ್ಲಿ ಅದೇ ಸೂತ್ರ ಹಿಡಿದರೆ ಕತ್ತಲೆಯ ಚಿತ್ರವೇ ಗತಿ. ಮೋಡ ಕವಿದಾಗ 8ಕ್ಕೋ 5.6ಕ್ಕೋ ಇಳಿಯಬೇಕು, ಮರದ ಕೆಳಗೆ ಇನ್ನೂ ಕೆಳಗೆ. ಆದರೆ ಮಳೆಗಾಲದ ಈ ಮಂಕು ಬೆಳಕಿನಲ್ಲಿ ನೆರಳು ಮುಖವನ್ನು ಕತ್ತರಿಸುವುದಿಲ್ಲ. ಭತ್ತದ ಹಸಿರು ಆಗ ತನ್ನೊಳಗಿನಿಂದಲೇ ಬೆಳಗುವಂತಿರುತ್ತದೆ. ನನಗೆ ಕೇಳಿದರೆ, ಬಿಸಿಲಿಗಾಗಿ ಕಾಯುವ ಹವ್ಯಾಸಿಗಳು ವರ್ಷದ ಅತ್ಯುತ್ತಮ ನಾಲ್ಕು ತಿಂಗಳನ್ನು ಪೆಟ್ಟಿಗೆಯಲ್ಲಿಟ್ಟು ಕೂತಿರುತ್ತಾರೆ.

ಶಟರಿನ ಪಾಠಕ್ಕೆ ಕೈಪಿಡಿಗಳು ಜಲಪಾತವನ್ನು ಹೇಳುತ್ತವೆ. ನಾನು ರೊಟ್ಟಿ ಬಡಿಯುವುದನ್ನು ಆರಿಸಿಕೊಂಡೆ. ನಮ್ಮ ಓಣಿಯಲ್ಲಿ ಎಂಬತ್ತು ದಾಟಿದ ಒಬ್ಬ ಅವ್ವ ಇದ್ದಾರೆ. ಹಿತ್ತಲ ಬಾಗಿಲ ಬಳಿ ಒಲೆ ಹೂಡಿ ಈಗಲೂ ಕೈಯಿಂದಲೇ ಜೋಳದ ರೊಟ್ಟಿ ಬಡಿಯುತ್ತಾರೆ. ಅವರ ಒಪ್ಪಿಗೆ ಪಡೆದು, ಬಾಗಿಲ ಚೌಕಟ್ಟಿಗೆ ಕ್ಯಾಮರಾ ಆನಿಸಿ ಎರಡು ಚಿತ್ರ ತೆಗೆದೆ. ಸೆಕೆಂಡಿನ 250ನೆಯ ಒಂದು ಭಾಗದಲ್ಲಿ ತೆಗೆದದ್ದರಲ್ಲಿ ಅವರ ಕೈ ಗಾಳಿಯಲ್ಲಿ ನಿಂತಿದೆ. ಬೆರಳಿನ ಗೆರೆ, ಅಂಟಿದ ಹಿಟ್ಟು, ಬಳೆಗಳ ನಡುವಿನ ಸಂದು ಎಲ್ಲವೂ ಸ್ಪಷ್ಟ. 15ನೆಯ ಒಂದು ಭಾಗದಲ್ಲಿ ತೆಗೆದದ್ದರಲ್ಲಿ ಮುಖ ಸ್ಥಿರವಾಗಿದೆ, ಮಣೆ ಸ್ಥಿರವಾಗಿದೆ, ಕೈ ಮಾತ್ರ ಹೊಗೆಯಂತೆ ಕರಗಿದೆ. ಯಾವುದು ನಿಜ? ಮೊದಲನೆಯದರಲ್ಲಿ ಕೈ ಇದೆ, ಬಡಿತವಿಲ್ಲ. ಎರಡನೆಯದರಲ್ಲಿ ಬಡಿತವಿದೆ, ಕೈ ಇಲ್ಲ. ಶಟರಿನ ಗುಂಡಿಯನ್ನು ತಿರುಗಿಸುವಾಗ ನಾವು ಆರಿಸುವುದು ವೇಗವನ್ನಷ್ಟೇ ಅಲ್ಲ, ಇದ್ದುದರಲ್ಲಿ ಯಾವುದು ಉಳಿಯಬೇಕು ಎಂಬುದನ್ನು ಎಂದು ನನಗೆ ಅಂದು ಹೊಳೆಯಿತು.

ಪ್ಯಾನಿಂಗ್ ಎಂಬ ಇನ್ನೊಂದು ತಂತ್ರವಿದೆ. ಶಾಲೆಯ ಹುಡುಗರ ಸೈಕಲ್ಲುಗಳ ಮೇಲೆ ಅದನ್ನು ಅಭ್ಯಾಸ ಮಾಡಿದೆ. ಶಟರು 30ನೆಯ ಒಂದು ಭಾಗ. ಸೈಕಲ್ಲು ಹೋದಂತೆ ನಾವೂ ಸೊಂಟದಿಂದ ತಿರುಗಬೇಕು, ಗುಂಡಿ ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು. ಹುಡುಗ ಸ್ಫುಟವಾಗಿ ಉಳಿಯುತ್ತಾನೆ, ಬೇಲಿಯೆಲ್ಲ ಗೆರೆಗೆರೆಯಾಗಿ ಹರಿಯುತ್ತದೆ. ಇಪ್ಪತ್ತರಲ್ಲಿ ಒಂದು ಬಂದರೆ ಹಬ್ಬ. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲಿನ ಹೊಳಪನ್ನು ಹಿಡಿಯುವುದೂ ಒಂದು ಪಾಠವೇ. ನೇರ ನಿಂತರೆ ಕಿಟಕಿಯೇ ಅದರಲ್ಲಿ ಮೂಡಿ ಚಿತ್ತಾರವನ್ನು ನುಂಗುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಬಣ್ಣ ಹಿಂದಿರುಗುತ್ತದೆ. ಅಲ್ಲಿ ಕ್ಯಾಮರಾದ ಯಾವ ಗುಂಡಿಗೂ ಕೆಲಸವಿಲ್ಲ, ಕಾಲಿಗೆ ಮಾತ್ರ.

ನಿಜಕ್ಕೂ ನೋಡಿದರೆ ಕ್ಯಾಮರಾ ನಮ್ಮ ಮನೆಗಳಿಗೆ ಹೊಸದಲ್ಲ. ಹಂಚಿನ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳನ್ನು ಗಮನಿಸಿ. ಸಂದು ಹೇಗೇ ಇರಲಿ, ಚಿಕ್ಕದಾಗಿದ್ದರೆ ನೆಲದ ಮೇಲಿನ ಚುಕ್ಕೆ ದುಂಡಗೇ ಇರುತ್ತದೆ. ಅದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಾಸರಗೋಡು, ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣವಾದಾಗ ನಮ್ಮಲ್ಲಿ ಕಂಡದ್ದು ಪಾರ್ಶ್ವಗ್ರಹಣ. ಬಾಗಿಲು ಹಾಕಿಕೊಂಡು ಒಳಗೆ ಕುಳಿತವರ ಗೋಡೆಯ ಮೇಲೆ, ಅವರು ನೋಡಲೊಲ್ಲದ ಗ್ರಹಣವೇ ಕುಡುಗೋಲಿನಂಥ ಚುಕ್ಕೆಗಳಾಗಿ ಮೂಡಿತ್ತು. ಹಂಪೆಯ ವಿರೂಪಾಕ್ಷ ದೇವಾಲಯದೊಳಗೆ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದೂ ಇದೇ ನಿಯಮದಿಂದ.

ಕ್ಯಾಮರಾ ಎಂಬ ಪೆಟ್ಟಿಗೆಯೂ ಧಾರವಾಡ ಸೀಮೆಗೆ ಬೇಗನೆಯೇ ಬಂದಿತು. ಪಿಗೊ, ಬಿಗ್ಸ್, ನೀಲ್ ಎಂಬ ಮೂವರು ತೆಗೆದ ದೇವಾಲಯಗಳ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಅವರ ಬರಹಗಳೊಂದಿಗೆ, ‘ಆರ್ಕಿಟೆಕ್ಚರ್ ಇನ್ ಧಾರವಾರ್ ಆಂಡ್ ಮೈಸೂರ್’ ಎಂಬ ಗ್ರಂಥವಾಗಿ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅಂದಿನ ಕ್ಯಾಮರಾಕ್ಕೆ ದೀರ್ಘಕಾಲ ಬೆಳಕು ಬೇಕಾಗುತ್ತಿತ್ತು. ಅಲುಗದ ಕಲ್ಲು ನಿಲ್ಲುತ್ತಿತ್ತು. ಗುಡಿಯ ಮುಂದೆ ಹಾದುಹೋದವರು ಚಿತ್ರದಲ್ಲಿ ನಿಲ್ಲುತ್ತಿರಲಿಲ್ಲ. ಸಾಮಾನ್ಯ ಜನರ ಬದುಕು ನಮ್ಮ ಛಾಯಾಚಿತ್ರಗಳಲ್ಲಿ ಘನತೆಯಿಂದ ನೆಲೆಗೊಳ್ಳಲು ಮೈಸೂರಿನ ಟಿ. ಎಸ್. ಸತ್ಯನ್ ಅವರಂಥವರು ಬರಬೇಕಾಯಿತು. ಅವರು ತೆಗೆದ ಮಕ್ಕಳ ಚಿತ್ರಗಳು ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅರಿವಿಲ್ಲದ ಗಳಿಗೆಯಲ್ಲಿ ಮನುಷ್ಯನನ್ನು ಹಿಡಿಯಬೇಕು, ನಿಲ್ಲಿಸಿ ತೆಗೆಯಬಾರದು ಎಂಬ ಕೈಪಿಡಿಗಳ ಉಪದೇಶ ಇಂಥ ಹಿರಿಯರ ಕೆಲಸದಿಂದಲೇ ಬಲ ಪಡೆದಿದೆ.

ಆ ಉಪದೇಶವನ್ನು ನಮ್ಮ ಓಣಿಯ ಅವ್ವ ಒಪ್ಪಲಿಲ್ಲ. ರೊಟ್ಟಿಯ ಚಿತ್ರಗಳನ್ನು ತೋರಿಸಿದಾಗ ಅವರು ಬಹಳ ಹೊತ್ತು ನೋಡಿ ಹೇಳಿದರು: “ದುಡಿಯೂ ಕೈ ಎಲ್ಲಾರಿಗೂ ಇರತಾವರಿ ಮಾಸ್ತರ. ಮಾರಿ ಅಷ್ಟ ನಂದು. ನಂದೊಂದು ಫೋಟೊ ಬ್ಯಾರೆ ತಗೀರಿ.” ಕೇಳಿದ್ದಕ್ಕೆ ಕಾರಣವಿತ್ತು. ಅವರ ಬಳಿ ಇದ್ದ ತಮ್ಮ ಚಿತ್ರವೆಂದರೆ ಆಧಾರ್ ಕಾರ್ಡಿನದು ಒಂದೇ. ಊರಲ್ಲಿ ಯಾರು ತೀರಿಕೊಂಡರೂ ಮರುದಿನ ಆ ಕಾರ್ಡಿನ ಚಿತ್ರವನ್ನೇ ಹಿಗ್ಗಿಸಿ, ಮುಖಕ್ಕೆ ಬಿಳುಪು ತುಂಬಿ, ಫ್ಲೆಕ್ಸ್ ಮಾಡಿ ಕಟ್ಟುವುದನ್ನು ಅವರು ಕಂಡಿದ್ದರು. ತಮಗೆ ಅದು ಬೇಡವಾಗಿತ್ತು.

ಬೆಳಿಗ್ಗೆ ಎಂಟಕ್ಕೆ ಇಳಕಲ್ ಸೀರೆ ಉಟ್ಟು, ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟು, ಕಟ್ಟೆಯ ಮೇಲೆ ನೇರ ಕುಳಿತರು. ನೇರ ಬಿಸಿಲು ಇಲ್ಲ. ಎದುರು ಮನೆಯ ಸುಣ್ಣದ ಗೋಡೆಯಿಂದ ಬೆಳಕು ಮೆತ್ತಗೆ ಮರಳುತ್ತಿತ್ತು. ಅಪರ್ಚರನ್ನು ಪೂರ್ತಿ ತೆರೆದರೆ ಕಣ್ಣಷ್ಟೇ ಸ್ಫುಟವಾಗಿ ಉಳಿದದ್ದು ಕರಗುತ್ತದೆ, ನೋಡಲು ಸೊಗಸು. ಆದರೆ ಅವರ ಷರತ್ತು ಸ್ಪಷ್ಟವಾಗಿತ್ತು: “ಕಾಲ ಕಡದು ತಗೀಬ್ಯಾಡ್ರಿ.” 8ಕ್ಕೆ ಇಟ್ಟು, ಕಾಲುಂಗುರದವರೆಗೂ ಸ್ಫುಟವಾಗುವಷ್ಟು ಹಿಂದೆ ಸರಿದೆ. ಹಿಂದೆ ಬಾಗಿಲ ಒಳಗಿನ ಕತ್ತಲೆ. ಅದನ್ನು ಕಂಡ ಅಳತೆಯ ಸಾಧನ ಬೆಳಕನ್ನು ಏರಿಸಿ ಅವರ ಮೈಬಣ್ಣವನ್ನು ತೊಳೆದುಬಿಡುತ್ತಿತ್ತು. ಒಂದು ಹೆಜ್ಜೆ ಕಳೆದೆ. “ಬೆಳ್ಳಗ ಮಾಡ್ಲೇನು ಯವ್ವಾ?” ಎಂದು ನಗೆಗೆ ಕೇಳಿದೆ. “ಯಾಕ, ಮ್ಯಾಲೆ ಹ್ವಾದಾಗ ನಮ್ಮ ಹಿರ್ಯಾರಿಗೆ ಗುರ್ತಾ ಸಿಗಬಾರ್ದೇನು?” ಎಂದರು. ನಗದ ಅವರ ಮುಖದಲ್ಲಿ ಕೃತಕತೆ ನನಗೇನೂ ಕಾಣಲಿಲ್ಲ. ತನ್ನನ್ನು ತಾನು ಹೀಗೆ ಒಪ್ಪಿಸಿಕೊಳ್ಳುವುದೂ ಒಂದು ಸತ್ಯವೇ. ಕಸಿದುಕೊಂಡ ಗಳಿಗೆ ಅದಕ್ಕಿಂತ ಹೆಚ್ಚು ಪ್ರಾಮಾಣಿಕ ಎಂಬ ಮಾತನ್ನು ನಾನೀಗ ಸುಲಭವಾಗಿ ನಂಬಲಾರೆ.

ಹುಬ್ಬಳ್ಳಿಯಲ್ಲಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ ತಂದುಕೊಟ್ಟೆ. ಅವರು ಮೊದಲು ಕಾಲು ಎಣಿಸಿದರು, ಆಮೇಲೆ ಬಳೆ, ಕೊನೆಗೆ ಮುಖ. ಸೊಸೆ ಮೊಳೆ ಹುಡುಕಲು ಎದ್ದಳು. “ಗ್ವಾಡಿಗೆ ಈಗ ಬ್ಯಾಡವಾ, ಏನ್ ಅವಸರ?” ಎಂದು ತಡೆದು, ಅದೇ ಇಳಕಲ್ ಸೀರೆಯ ಮಡಿಕೆಯೊಳಗಿಟ್ಟು ಟ್ರಂಕಿನ ಬಾಗಿಲು ಹಾಕಿದರು.