ಕಣ್ಣು ಕಾಣದವರ ದುಡಿಮೆ



ಅಂಗವಿಕಲರು ದುಡಿದು ತಮ್ಮ ಅನ್ನವನ್ನು ತಾವೇ ಸಂಪಾದಿಸಿಕೊಂಡ ಚರಿತ್ರೆ ಬಹಳ ದೊಡ್ಡದು. ಅದರಲ್ಲಿ ಅಂಧರ ಕಥೆಯೊಂದನ್ನೇ ಇವತ್ತು ನಿಮ್ಮ ಮುಂದಿಡುತ್ತೇನೆ. ಅದರ ಒಂದು ಮುಖ್ಯ ಭಾಗ ನಮ್ಮ ಗದುಗಿನಲ್ಲೇ ನಡೆದಿದೆ. ಈ ಕಥೆಯನ್ನು ಓದಿಕೊಂಡು ಬಂದಂತೆಲ್ಲ ನನಗೆ ಒಂದು ಮಾತು ಖಚಿತವಾಗುತ್ತ ಬಂತು. ಕಣ್ಣು ಕಾಣದವರಿಂದ ಯಾವ ಕೆಲಸ ಆದೀತು ಎಂಬ ಪಟ್ಟಿಯನ್ನು ಪ್ರತಿ ಕಾಲದಲ್ಲೂ ಕಣ್ಣಿದ್ದವರೇ ಬರೆದರು. ಆ ಪಟ್ಟಿಯನ್ನು ದಾಟಿ ಹೋಗುವ ಕಷ್ಟ ಮಾತ್ರ ಅಂಧರ ಪಾಲಿಗೇ ಬಂತು.

ಈಗಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಹುಡುಗ ಹುಟ್ಟಿದ. ಅವನಿಗೂ ಕಣ್ಣಿಲ್ಲ, ಅಣ್ಣನಿಗೂ ಕಣ್ಣಿಲ್ಲ. ಆಗ ಹಳ್ಳಿಯಲ್ಲಿ ಹುಟ್ಟಿದ ಅಂಧ ಮಗುವಿನ ಪಾಲಿಗೆ ಮನೆಯ ಮೂಲೆ ಬಿಟ್ಟರೆ ಜಾತ್ರೆಯ ಭಿಕ್ಷೆ, ಅಷ್ಟೇ. ಹಾನಗಲ್ಲ ಮಠದ ಕುಮಾರಸ್ವಾಮಿಗಳು ಆ ಹುಡುಗರ ಕಂಠದ ಗುಣವನ್ನು ಗುರುತಿಸಿ, ಕರೆದೊಯ್ದು ಸಂಗೀತ ಕಲಿಸಿದರು. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಳಗಿದ ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು.

ಅವರು ಕಛೇರಿ ಮಾಡಿಕೊಂಡು ಸುಖವಾಗಿ ಇರಬಹುದಿತ್ತು. ಹಾಗೆ ಮಾಡದೆ ಅಂಧ ಮಕ್ಕಳನ್ನೂ ಅನಾಥ ಮಕ್ಕಳನ್ನೂ ಜಾತಿ ಕೇಳದೆ ಕೂಡಿಸಿಕೊಂಡು ಊರಿಂದ ಊರಿಗೆ ಹೋಗುತ್ತ ಪಾಠ ಹೇಳಿದರು. ಎಷ್ಟೋ ವರ್ಷಗಳ ಅಲೆದಾಟದ ನಂತರ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆ ನಿಂತಿತು. ಇಷ್ಟು ಮಕ್ಕಳಿಗೆ ಎರಡು ಹೊತ್ತಿನ ಊಟ ಎಲ್ಲಿಂದ ಬರಬೇಕು? ದಾನ ಬರುತ್ತಿತ್ತು, ಸಾಲುತ್ತಿರಲಿಲ್ಲ. ಅದಕ್ಕೆ ನಾಟಕ ಕಂಪನಿ ಕಟ್ಟಿದರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಆಶ್ರಮದ ಭಾರ ಹೊತ್ತರು. ಎಳೆಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಅವರು ನಾಟಕ ಬರೆದರು, ರಾಗ ಹಾಕಿದರು, ಹಾರ್ಮೋನಿಯಂ ನುಡಿಸಿದರು. ಆಟದ ಗಳಿಕೆ ಆಶ್ರಮದ ಅಡುಗೆಮನೆಗೆ ಹೋಯಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು; ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು.

ಪುಣ್ಯಾಶ್ರಮದ ಬಗ್ಗೆ ಮಾತಾಡುವಾಗ ಎಲ್ಲರೂ ಭಕ್ತಿಯಿಂದ ಮಾತಾಡುತ್ತಾರೆ, ಅದು ಸಹಜ. ನನಗೆ ಮಾತ್ರ ಆ ನಾಟಕ ಕಂಪನಿಯ ಟಿಕೆಟ್ಟು ಬಹಳ ದೊಡ್ಡದಾಗಿ ಕಾಣುತ್ತದೆ. ಗುಡಿಯ ಮೆಟ್ಟಿಲ ಮೇಲೆ ಕೂತ ಅಂಧನಿಗೆ ಕಾಸು ಹಾಕಿದವನು ಪುಣ್ಯ ಬಂತೆಂದು ಮುಂದೆ ಹೋಗುತ್ತಾನೆ. ಟಿಕೆಟ್ ಕೊಂಡು ಒಳಗೆ ಬಂದವನಿಗೆ ಆಟ ಚೆನ್ನಾಗಿರಬೇಕು. ಪೇಟಿಯ ಸ್ವರ ತಪ್ಪಿದರೆ ಅವನು ಸಿಳ್ಳೆ ಹಾಕುತ್ತಾನೆ, ಚೆನ್ನಾಗಿದ್ದರೆ ‘ಒನ್ಸ್ ಮೋರ್’ ಎನ್ನುತ್ತಾನೆ. ಹೀಗೆ ಕೆಲಸದ ಗುಣ ನೋಡಿ ಬೆಲೆ ಕಟ್ಟಿಸಿಕೊಂಡವರು ಆಶ್ರಮದಿಂದ ಹೊರಬಂದು ಸಂಗೀತ ಶಿಕ್ಷಕರಾದರು, ಆಕಾಶವಾಣಿ ಕಲಾವಿದರಾದರು, ಸಂಸಾರ ಹೂಡಿದರು.

ಆದರೆ ಅಂಧರಾದವರಿಗೆಲ್ಲ ಸಂಗೀತ ಒಲಿಯಬೇಕೆಂದು ಎಲ್ಲಿದೆ? ಉಳಿದವರಿಗೆ ಏನು ಎಂಬ ಪ್ರಶ್ನೆಗೆ ದೇಶದಲ್ಲಿ ಒಂದು ಉತ್ತರ ಸಿಕ್ಕಿದ್ದು ಯುದ್ಧದ ಕಾಲದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ತರಬೇತಿ ನಿಲಯ ಶುರುವಾಯಿತು. ಅದನ್ನು ನಡೆಸಿದ ಕ್ಲೂಥಾ ಮೆಕೆಂಜಿ ಸ್ವತಃ ಗ್ಯಾಲಿಪೊಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡಿದ್ದ ನ್ಯೂಜಿಲೆಂಡಿನ ಯೋಧ. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಅದೇ ಊರಿನಲ್ಲಿ ವಯಸ್ಕ ಅಂಧರ ತರಬೇತಿ ಕೇಂದ್ರ ಆರಂಭವಾಯಿತು. ಮರುವರ್ಷ ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ಸಿದ್ಧವಾಯಿತು. ಕನ್ನಡದ ಮಕ್ಕಳು ಇವತ್ತು ಬೆರಳಲ್ಲಿ ಓದುವುದು ಅದನ್ನೇ.

ಈ ಕೇಂದ್ರಗಳಲ್ಲಿ ಕಲಿಸಿದ್ದು ಮಗ್ಗ, ಬುಟ್ಟಿ, ಮೇಣದ ಬತ್ತಿ, ಮುಖ್ಯವಾಗಿ ಬೆತ್ತದ ಕುರ್ಚಿ. ನಮ್ಮ ಸರ್ಕಾರಿ ಕಚೇರಿಗಳ ಹಳೆಯ ಕುರ್ಚಿಗಳನ್ನು ನೆನಪಿಸಿಕೊಳ್ಳಿ. ಕೂರುವ ಜಾಗದ ಮರದ ಚೌಕಟ್ಟಿನ ಸುತ್ತ ಸಣ್ಣ ತೂತುಗಳಿರುತ್ತವೆ. ಬೆತ್ತದ ಸೀಳನ್ನು ನೀರಲ್ಲಿ ನೆನೆಸಿ, ಮೊದಲು ಉದ್ದಕ್ಕೆ ಎಳೆಯಬೇಕು, ಆಮೇಲೆ ಅಡ್ಡಕ್ಕೆ, ಕೊನೆಗೆ ಎರಡೂ ಕಡೆಯಿಂದ ಓರೆಗೆ. ಒಂದು ಎಳೆ ಮೇಲೆ, ಒಂದು ಕೆಳಗೆ. ಎಣಿಸುವುದು ಬೆರಳು, ಬಿಗಿ ಅಳೆಯುವುದೂ ಬೆರಳು. ಈ ಕೆಲಸದಿಂದಲೇ ಮನೆ ನಡೆಸಿ ಮಕ್ಕಳನ್ನು ಓದಿಸಿದವರನ್ನು ನಾನು ಬಲ್ಲೆ. ಆ ಕಸುಬಿನ ಮೇಲೆ ನನಗೆ ಗೌರವವಿದೆ. ತೊಂದರೆಯಾದದ್ದು ಬೇರೆ ಕಡೆ. ಬಿ.ಎ. ಪಾಸಾದ ಅಂಧ ಯುವಕನಿಗೂ ಇದೇ ಕೆಲಸ, ಶಾಲೆಗೇ ಹೋಗದವನಿಗೂ ಇದೇ ಕೆಲಸ. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಇಬ್ಬರಿಗೂ ಕೆಲಸವಿಲ್ಲ. ಮುಂದೆ ಎಸ್‌ಟಿಡಿ ಬೂತುಗಳ ಪಾಡೂ ಅದೇ ಆಯಿತು. ಅಂಗವಿಕಲರಿಗೆಂದು ಹಂಚಿದ ಆ ಹಳದಿ ಬೋರ್ಡಿನ ಗೂಡುಗಳು ಸಾವಿರಾರು ಸಂಸಾರಗಳನ್ನು ಸಾಕಿದವು, ಮೊಬೈಲ್ ಬಂದು ಒಂದೊಂದಾಗಿ ಬಾಗಿಲು ಹಾಕಿದವು.

ಓದಿದ ಅಂಧರು ಸುಮ್ಮನಿರಲಿಲ್ಲ. 1970ರಲ್ಲಿ ಅವರೇ ಕೂಡಿ ರಾಷ್ಟ್ರೀಯ ಅಂಧರ ಒಕ್ಕೂಟ ಕಟ್ಟಿದರು. 1977ರಲ್ಲಿ ಕೇಂದ್ರ ಸರ್ಕಾರ ಸಿ ಮತ್ತು ಡಿ ದರ್ಜೆಯ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇ 3 ಮೀಸಲಾತಿ ಘೋಷಿಸಿತು. ಆದೇಶವಿತ್ತು, ನೇಮಕಾತಿ ಇರಲಿಲ್ಲ. 1980ರ ಮಾರ್ಚ್ 16ರಂದು ಉದ್ಯೋಗ ಕೇಳಿ ದೆಹಲಿಯಲ್ಲಿ ಮೆರವಣಿಗೆ ಹೊರಟ ಅಂಧರ ಮೇಲೆ ಪೊಲೀಸರು ಲಾಠಿ ಬೀಸಿದರು. ಯಾವ ಕಡೆಯಿಂದ ಏಟು ಬರುತ್ತಿದೆ ಎಂದು ಕಾಣದವರ ಮೇಲೆ ಲಾಠಿ! ನಲವತ್ತು ವರ್ಷ ದಾಟಿದರೂ ಇದನ್ನು ಹೇಳುವಾಗ ಮನಸ್ಸು ಕುದಿಯುತ್ತದೆ. 1993ರಲ್ಲಿ ಸುಪ್ರೀಂ ಕೋರ್ಟ್, ಅಂಧರು ಬ್ರೈಲಿನಲ್ಲಾಗಲಿ ಬರೆಯುವವರ ನೆರವಿನಿಂದಾಗಲಿ ನಾಗರಿಕ ಸೇವಾ ಪರೀಕ್ಷೆ ಬರೆಯಬಹುದು ಎಂದಿತು. 1995ರಲ್ಲಿ ಅಂಗವಿಕಲರ ಕಾಯ್ದೆ ಬಂದು ಮೀಸಲಾತಿಗೆ ಶಾಸನದ ಬಲ ಸಿಕ್ಕಿತು.

ಅಲ್ಲೂ ಪಟ್ಟಿ ಬಿಡಲಿಲ್ಲ. ಇಂತಿಂಥ ಹುದ್ದೆ ಇಂಥವರಿಗೆ ತಕ್ಕುದು ಎಂದು ಇಲಾಖೆ ಮೊದಲು ಗುರುತಿಸಬೇಕು, ಗುರುತಿಸಿದ ಹುದ್ದೆಗಳಲ್ಲಷ್ಟೇ ಶೇ 3. ಗುರುತಿಸಿದ್ದೇ ಕಡಿಮೆಯಾದರೆ ಸಿಗುವ ಕೆಲಸ ಬೆರಳೆಣಿಕೆಯಷ್ಟು. ಅಂಧರ ಒಕ್ಕೂಟ ಈ ಲೆಕ್ಕವನ್ನೇ ಕೋರ್ಟಿಗೆ ಒಯ್ದು ಗೆದ್ದಿತು: ಒಟ್ಟು ಖಾಲಿ ಹುದ್ದೆಗಳ ಮೇಲೆಯೇ ಶೇ 3 ಲೆಕ್ಕ ಹಾಕಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2016ರ ಹೊಸ ಕಾಯ್ದೆ ಅದನ್ನು ಶೇ 4 ಮಾಡಿ, 7 ಇದ್ದ ವೈಕಲ್ಯದ ಬಗೆಗಳನ್ನು 21ಕ್ಕೆ ಏರಿಸಿತು.

ಇಷ್ಟರಲ್ಲಿ ಕೆಲಸದ ಸ್ವರೂಪವೇ ಬದಲಾಗಿತ್ತು. ಕಂಪ್ಯೂಟರ್ ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಮೊದಲೂ ಇತ್ತು, ಬಡವರ ಕೈಗೆಟುಕುತ್ತಿರಲಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ ಎನ್‌ವಿಡಿಎ ಎಂಬ ತಂತ್ರಾಂಶ ಬರೆಯಲು ತೊಡಗಿ, ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಇವತ್ತು ಅದು ಕನ್ನಡವನ್ನೂ ಓದುತ್ತದೆ. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಸಮರ್ಥನಂ, 1999ರಲ್ಲಿ ಶುರುವಾದ ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ತರಬೇತಿ ಕೊಟ್ಟು ಯುವಕ ಯುವತಿಯರನ್ನು ಕಂಪನಿಗಳಿಗೆ ಕಳಿಸಿದವು.

ಬ್ಯಾಂಕೊಂದರಲ್ಲಿ ದೃಷ್ಟಿಹೀನ ಉದ್ಯೋಗಿಯೊಬ್ಬರ ಪಕ್ಕ ಕೂತು ಅವರ ಕೆಲಸ ನೋಡಿದ್ದೇನೆ. ಕಿವಿಯಲ್ಲಿ ಇಯರ್‌ಫೋನ್, ಧ್ವನಿಯ ವೇಗ ಎಷ್ಟೆಂದರೆ ನನಗೆ ಒಂದಕ್ಷರವೂ ತಿಳಿಯಲಿಲ್ಲ. ಮೌಸ್ ಮುಟ್ಟಲೇ ಇಲ್ಲ, ಎಲ್ಲವೂ ಕೀಲಿಮಣೆಯಲ್ಲೇ. ಒಂದು ಕಡೆ ಮಾತ್ರ ನಿಂತರು. ಆ ಪುಟದಲ್ಲಿ ಗುಂಡಿಗಳಿಗೆ ಹೆಸರೇ ಕೊಟ್ಟಿರಲಿಲ್ಲ, ಯಂತ್ರ ‘ಬಟನ್, ಬಟನ್, ಬಟನ್’ ಎನ್ನುತ್ತಿತ್ತು. ಹೆಸರು ಹಾಕುವುದು ಸಾಫ್ಟ್‌ವೇರ್ ಬರೆದವನಿಗೆ ಅರೆಗಳಿಗೆಯ ಕೆಲಸ. ಹಾಕದಿದ್ದರೆ ಅಂಧ ನೌಕರ ಪ್ರತಿ ದಿನ ಪಕ್ಕದವರನ್ನು ಕೇಳಬೇಕು, ಆಮೇಲೆ ‘ಇವರಿಂದ ಆಗುವುದಿಲ್ಲ’ ಎಂಬ ಮಾತನ್ನೂ ಕೇಳಬೇಕು.

ಈ ಮಾತು ಕೆಲವೆಡೆ ನಿಯಮವೇ ಆಗಿತ್ತು. ಮಧ್ಯಪ್ರದೇಶದಲ್ಲಿ ಅಂಧರು ನ್ಯಾಯಾಧೀಶರಾಗುವಂತಿಲ್ಲ ಎಂಬ ನಿಯಮವಿತ್ತು. ಅಂಧ ಅಭ್ಯರ್ಥಿಯೊಬ್ಬರ ತಾಯಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಆ ಪತ್ರವೇ ಮೊಕದ್ದಮೆಯಾಗಿ 2025ರ ಮಾರ್ಚ್ 3ರಂದು ನಿಯಮ ರದ್ದಾಯಿತು. ಇನ್ನೊಂದು ಕಡೆ, 2011ರ ಜನಗಣತಿಯ ಪ್ರಕಾರ ದೇಶದ 2.68 ಕೋಟಿ ಅಂಗವಿಕಲರಲ್ಲಿ ದುಡಿಮೆಯಲ್ಲಿದ್ದವರು ಶೇ 36ರಷ್ಟು ಮಾತ್ರ. ಹೆಣ್ಣುಮಕ್ಕಳಲ್ಲಿ ಅದು ಶೇ 23ಕ್ಕೆ ಇಳಿಯುತ್ತದೆ.

ನಿಮ್ಮ ಮನೆಯಲ್ಲಿ ಕಣ್ಣು ಕಾಣದ ಮಗನೋ ಮಗಳೋ ಇದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಬನ್ನಿ. ಅವರಲ್ಲಿ ಬಹಳ ಮಂದಿ ಸ್ವತಃ ಅಂಗವಿಕಲರು, ಕಷ್ಟ ಬಲ್ಲವರು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಿ, ತರಬೇತಿ ಎಲ್ಲಿದೆ ಎಂದು ವಿಚಾರಿಸಿ. ಮಗಳನ್ನೂ ಕಳಿಸಿ. ಇನ್ನು ಕೆಲಸ ಕೊಡುವ ಮಾಲೀಕರೇ, ಸಂದರ್ಶನಕ್ಕೆ ಬಂದ ಅಂಧ ಅಭ್ಯರ್ಥಿಯನ್ನು ಈ ಕೆಲಸ ಹೇಗೆ ಮಾಡುತ್ತೀರಿ, ಅದಕ್ಕೆ ಏನು ಬೇಕು ಎಂದು ನೇರವಾಗಿ ಕೇಳಿ. ಅವರು ಹೇಳಿದ ತಂತ್ರಾಂಶವನ್ನು ಕೆಲಸಕ್ಕೆ ಸೇರುವ ದಿನವೇ ಹಾಕಿಸಿ ಕೊಡಿ.